ಸಹಾಯ ಬೇಕು: ಗಿಟ್ ಇತಿಹಾಸದಿಂದ ಸದಸ್ಯರ ಇಮೇಲ್ ತೆಗೆಯುವುದು

ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ನಮ್ಮದು ಸಾರ್ವಜನಿಕ ರೆಪೊ, ಅಂದರೆ ಕೋಡ್ ಭಂಡಾರ. ಇಬ್ಬರು ತಮ್ಮ ಇಮೇಲ್ ತೆಗೆಯಿರಿ ಅಂತಿದ್ದಾರೆ. ಗಿಟ್‌ಹಬ್‌ನಲ್ಲಿ ಕಮಿಟ್‌ನ (ದಾಖಲಾದ ಒಂದು ಬದಲಾವಣೆಯ) ಲಿಂಕ್ ಕೊನೆಗೆ ‘.ಪ್ಯಾಚ್’ ಸೇರಿಸಿದರೆ ಸಾಕು, ‘ಫ್ರಮ್’ ಸಾಲಿನಲ್ಲಿ ವಿಳಾಸ ಎದ್ದು ಕಾಣುತ್ತದೆ.

ಹಳೆ ವಿಳಾಸಕ್ಕೆ ಹೊಸದನ್ನು ಜೋಡಿಸುವ ಮೇಲ್‌ಮ್ಯಾಪ್ ಕಡತ ತೋರಿಕೆಯನ್ನಷ್ಟೇ ಬದಲಿಸುತ್ತದೆ. ಮೇಲಾಗಿ ಮುಚ್ಚಬೇಕಾದ ವಿಳಾಸವನ್ನು ಅದರಲ್ಲೇ ಬರೆದಿಡಬೇಕು! ಗಿಟ್ ಫಿಲ್ಟರ್-ರೆಪೊ ಎಂಬ ಸಾಧನ ಅದೇ ಮ್ಯಾಪ್ ಹಿಡಿದು ಇತಿಹಾಸವನ್ನೇ ತಿದ್ದುತ್ತದೆ, ಆದರೆ ಅಲ್ಲಿಂದ ಮುಂದಿನ ಹ್ಯಾಶ್‌ಗಳೆಲ್ಲ (ಕಮಿಟ್‌ಗಳ ಗುರುತು ಸಂಖ್ಯೆಗಳು) ಬದಲಾಗುತ್ತವೆ, ಕಮಿಟ್‌ಗಳ ಡಿಜಿಟಲ್ ಸಹಿಯೂ ಹೋಗುತ್ತದೆ. ಕಮಿಟ್ ಸಂದೇಶದೊಳಗೆ ಹೆಸರು, ಇಮೇಲ್ ಇರುವ ‘ಸೈನ್ಡ್-ಆಫ್-ಬೈ’ ಸಾಲುಗಳಿಗೆ ರಿಪ್ಲೇಸ್-ಮೆಸೇಜ್ ಆಯ್ಕೆ ಬೇರೆ ಕೊಡಬೇಕು. ಫೋರ್ಕ್‌ಗಳಲ್ಲಿ (ಇತರರು ಮಾಡಿಕೊಂಡ ಪ್ರತಿಗಳಲ್ಲಿ) ಹಳೆಯದು ಹೇಗೂ ಉಳಿಯುತ್ತದೆ. ಹೊಸ ಕಮಿಟ್‌ಗಳಿಗೆ ನಿಜವಾದ ಇಮೇಲ್ ಮರೆಮಾಡುವ ನೋರಿಪ್ಲೈ ವಿಳಾಸ ಇದೆ, ಅದರ ಚಿಂತೆಯಿಲ್ಲ.

ಬೇರೆ ಪ್ರಾಜೆಕ್ಟ್‌ಗಳು ನಮ್ಮ ಕಮಿಟ್‌ಗಳನ್ನು ಹ್ಯಾಶ್‌ನಿಂದಲೇ ಪಿನ್ ಮಾಡಿವೆ, ಅಂದರೆ ಆ ನಿರ್ದಿಷ್ಟ ಕಮಿಟ್ ಅನ್ನೇ ಬಳಸುತ್ತವೆ. ಹೀಗೆ ತಿದ್ದಿದವರು ಫಿಲ್ಟರ್-ರೆಪೊ ಕೊಡುವ ಕಮಿಟ್-ಮ್ಯಾಪ್ (ಹಳೆ-ಹೊಸ ಹ್ಯಾಶ್‌ಗಳ ಪಟ್ಟಿ) ಅನ್ನು ಅಂಥ ಪ್ರಾಜೆಕ್ಟ್‌ಗಳಿಗೆ ಹೇಗೆ ತಲುಪಿಸಿದಿರಿ? ಆವೃತ್ತಿಗಳಿಗೆ ಹೆಸರಿಟ್ಟ ಹಳೆ ಟ್ಯಾಗ್‌ಗಳನ್ನು ಅಳಿಸಿದಿರಾ?