ರೈಲಿನ ಕ್ರ್ಯಾಶ್ ಟೆಸ್ಟ್‌ಗೆ ‘ಡಿಕ್ಕಿ ಪರೀಕ್ಷೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಅಂಕೋಲೆಯ ಹೈಸ್ಕೂಲ್ ಮಕ್ಕಳಿಗೆ ರೈಲು ಸುರಕ್ಷತೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಕ್ರ್ಯಾಶ್ ಟೆಸ್ಟ್ ಅನ್ನುವಲ್ಲಿಗೆ ಬಂದು ಕೈ ನಿಂತಿದೆ. ‘ಅಪಘಾತ ಪರೀಕ್ಷೆ’ ನನಗೆ ಒಪ್ಪಿಗೆಯಿಲ್ಲ. ಅಪಘಾತ ಯಾರೂ ಬಯಸದೆ ಆಗುವಂಥದ್ದು. ಇದು ಕ್ಯಾಮೆರಾ ಇಟ್ಟು, ವೇಗ ಲೆಕ್ಕ ಹಾಕಿ, ಬೇಕಂತಲೇ ಗುದ್ದಿಸುವುದು.

‘ಡಿಕ್ಕಿ ಪರೀಕ್ಷೆ’ ಎಂದು ಬರೆದೆ. ಕಾರವಾರದ ಗೆಳೆಯರೊಬ್ಬರು ಓದಿ ನಕ್ಕರು. “ಇದು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ದಿನಾ ನಡೆಯುತ್ತದಲ್ಲ ಮಾರಾಯ್ರೇ!” ಗೋವಾದಿಂದ ಬರುವ ಕಾರಿನ ಡಿಕ್ಕಿ ತೆಗೆಸಿ ಬಾಟಲಿ ಹುಡುಕುವುದೇ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು. ಹಾಗಾಗಿ ಈಗ ‘ಗುದ್ದು ಪರೀಕ್ಷೆ’ಯ ಕಡೆ ವಾಲಿದ್ದೇನೆ. ಪೇಪರಿನವರ ‘ಹಾಯ್ದು’ ಇಲ್ಲಿ ಹೊಂದುವುದಿಲ್ಲ. ಬಸ್ ಹಾಯ್ದು ಅಂದರೆ ಮೈಮೇಲೆ ಹರಿದದ್ದು.

ನಿಜವಾದ ತೊಡಕು ‘ಕ್ರ್ಯಾಶ್‌ವರ್ದಿನೆಸ್’ನದು, ಅಂದರೆ ಗುದ್ದಿದಾಗ ಒಳಗಿನ ಜನರನ್ನು ಕಾಪಾಡುವ ಬೋಗಿಯ ಗುಣದ್ದು. ‘ಗುದ್ದು ತಾಳಿಕೆ’ ಚಂದ ಕೇಳುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ತಾಳಿಕೆ ಅಂದ ಕೂಡಲೇ ಮಕ್ಕಳು ಬೋಗಿ ಗಟ್ಟಿ ಇರಬೇಕು, ಬಗ್ಗಬಾರದು ಅಂದುಕೊಳ್ಳುತ್ತಾರೆ. ವಿಷಯ ಹೆಚ್ಚುಕಡಿಮೆ ಉಲ್ಟಾ. ಅಮೆರಿಕದ ಕೊಲೊರಾಡೊ ರಾಜ್ಯದ ಪ್ಯೂಬ್ಲೊ ಬಳಿ ಪರೀಕ್ಷೆಗೆಂದೇ ಹಾಕಿದ ಹಳಿಗಳಿವೆ. 2002ರಲ್ಲಿ ಅಲ್ಲಿ ಹಳೇ ಮಾದರಿಯ ಪ್ರಯಾಣಿಕರ ರೈಲೊಂದನ್ನು ನಿಂತಿದ್ದ ಇಂಜಿನ್ನಿಗೆ ಗಂಟೆಗೆ ಸುಮಾರು 30 ಮೈಲಿ ವೇಗದಲ್ಲಿ ಗುದ್ದಿಸಿದರು. ಮುಂದಿನ ಬೋಗಿ ಇಂಜಿನ್ನಿನ ಮೇಲೆ ಹತ್ತಿತು. ಸುಮಾರು 22 ಅಡಿ ಜಜ್ಜಿಹೋಯಿತು. ಹಿಂದಿನ ಬೋಗಿಗಳಿಗೆ ಅಷ್ಟೇನೂ ಆಗಲಿಲ್ಲ. ಪೆಟ್ಟೆಲ್ಲ ಒಂದೇ ಕಡೆ ಬಿತ್ತು. 2006ರಲ್ಲಿ ಅದೇ ರೀತಿ ಮತ್ತೆ ಗುದ್ದಿಸಿದರು. ಈ ಸಲ ಪ್ರತಿ ಬೋಗಿಯ ತುದಿಯಲ್ಲೂ ಜನ ಕೂರದ ಜಾಗವನ್ನು ಮೊದಲೇ ಮುದುರಿಕೊಳ್ಳುವಂತೆ ಮಾಡಿದ್ದರು. ಮುಂದಿನ ಬೋಗಿ ಮುದುರಿದ್ದು ಸುಮಾರು 3 ಅಡಿ ಮಾತ್ರ. ಉಳಿದ ಪೆಟ್ಟನ್ನು ಹಿಂದಿನ ಬೋಗಿಗಳು ಹಂಚಿಕೊಂಡವು. ಜನ ಕೂರುವ ಜಾಗ ಉಳಿಯಿತು.

ಅಂದರೆ ತುದಿ ಸೋಲಬೇಕು, ನಡು ನಿಲ್ಲಬೇಕು. ಇದನ್ನು ಹೇಳುವ ಒಂದೇ ಪದ ಕನ್ನಡದಲ್ಲಿದೆಯೇ? ತುದಿಯ ಭಾಗಕ್ಕೆ ‘ಮುದುರುಭಾಗ’ ಎಂದಿಟ್ಟಿದ್ದೇನೆ. ‘ನಜ್ಜುಗುಜ್ಜು’ ಬೇಡ, ಅದರಲ್ಲಿ ಅಂಕೆ ಇಲ್ಲ, ಹಾಳಾದದ್ದಷ್ಟೇ ಇದೆ. ‘ಮುದುರು’ವಿನಲ್ಲಿ ಒಂದು ಕ್ರಮ ಇದೆ ಅನ್ನಿಸುತ್ತದೆ.

ಇನ್ನೊಂದು, ‘ಆಂಟಿ ಕ್ಲೈಂಬರ್’. ಗುದ್ದಿದಾಗ ಒಂದು ಬೋಗಿ ಇನ್ನೊಂದರ ಮೇಲೆ ಹತ್ತುವುದೇ ಜಾಸ್ತಿ ಸಾವು ತರುವುದು. ಚೆನ್ನೈ ಕಾರ್ಖಾನೆಯ ವಿನ್ಯಾಸದ ನಮ್ಮ ಹಳೇ ನೀಲಿ ಐಸಿಎಫ್ ಬೋಗಿಗಳಿಗೆ ಈ ಕೆಟ್ಟ ಹೆಸರಿತ್ತು. ಆಮೇಲೆ ಬಂದ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳ ನಡುವಿನ ಕೊಂಡಿ ಅದನ್ನು ತಡೆಯುವ ಹಾಗಿದೆ. ಆಂಟಿ ಕ್ಲೈಂಬರ್ ಅಂದರೆ ಬೋಗಿಯ ತುದಿಗೆ ಅಡ್ಡಕ್ಕೆ ಕೂರಿಸುವ ಏಣುಗಳಿರುವ ಉಕ್ಕಿನ ಪಟ್ಟಿ. ಎದುರುಬದುರಾದ ಏಣುಗಳು ಬಡಿಗರು ಮರಕ್ಕೆ ಹಾಕುವ ಕಚ್ಚಿನ ಹಾಗೆ ಒಂದಕ್ಕೊಂದು ಕೂತುಬಿಡುತ್ತವೆ. ‘ಏರುತಡೆ’ ಎಂದರೆ ಬೆಲೆ ಏರಿಕೆ ತಡೆದ ಹಾಗಿರುತ್ತದೆ. ‘ಹತ್ತುತಡೆ’ ಎಂದರೆ ಒಂಬತ್ತು ಎಲ್ಲಿ ಅಂತ ಕೇಳುತ್ತಾರೆ. ‘ಕಚ್ಚುಪಟ್ಟಿ’ ಹೇಗೆ?

ಕೊಂಕಣ ರೈಲ್ವೆಯಲ್ಲಿ ಕೆಲಸ ಮಾಡಿದವರು, ಬೋಗಿ ರಿಪೇರಿ ಶೆಡ್ಡಿನಲ್ಲಿ ಇದ್ದವರು ಈ ಗುಂಪಿನಲ್ಲಿದ್ದರೆ ದಯವಿಟ್ಟು ಬರೆಯಿರಿ. ಸುಮ್ನೆ ನಿಘಂಟು ನೋಡಿ ಹೇಳುವುದು ಬೇಡ. ಕೆಲಸದ ಜಾಗದಲ್ಲಿ ಬಾಯಿಗೆ ಬರುತ್ತಿದ್ದ ಮಾತು ಬೇಕು, ಅದು ಕೊಂಕಣಿಯದಾದರೂ ಅಡ್ಡಿಯಿಲ್ಲ.