ತಮ್ಮನಿಗೆ ಛಲವಿಲ್ಲ ಎಂದದ್ದಕ್ಕೆ

ದೊಡ್ಡಪ್ಪ, ನಮಸ್ಕಾರ. ಹನ್ನೊಂದು ವರ್ಷದಿಂದ ಒಂದೇ ಕಡೆ ಕನಿಷ್ಠ ವೇತನಕ್ಕೆ ದುಡಿಯುತ್ತಿರುವ ತಮ್ಮನಿಗೆ ಮುಂದೆ ಬರಬೇಕೆಂಬ ಛಲವೇ ಇಲ್ಲವೆಂದು ನೀವು ನಿನ್ನೆ ಬರೆದದ್ದನ್ನು ಓದಿದೆ. ಎದುರು ಮಾತನಾಡುತ್ತಿದ್ದೇನೆಂದು ಭಾವಿಸಬೇಡಿ. ಒಂಬತ್ತು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿದವಳಾಗಿ ನಾನು ಇದನ್ನು ಹೇಳಲೇಬೇಕು.

ಸಂಬಳ ಕಡಿಮೆ ಎನ್ನುವುದು ಮೊದಲ ಒಂದೆರಡು ವರ್ಷದ ನೋವು. ಆಮೇಲೆ ಮನಸ್ಸನ್ನು ಕೊರೆಯುವುದು, ದುಡಿದ ವರ್ಷಗಳಿಗೆ ಲೆಕ್ಕವೇ ಇಲ್ಲವೆಂಬ ಅರಿವು. ನಾನು ಆರು ವರ್ಷ ಪೂರೈಸಿದ್ದಾಗ ಹೊಸದಾಗಿ ಬಂದ ಹುಡುಗನೊಬ್ಬನಿಗೆ, ಒಡೆಯುವ ಸಾಮಾನನ್ನು ಹೇಗೆ ಸುತ್ತಬೇಕು, ಟೇಪನ್ನು ಎಲ್ಲಿಂದ ಎಳೆದರೆ ಪೆಟ್ಟಿಗೆಯ ತಳ ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನೆಲ್ಲ ಕೈಹಿಡಿದು ಕಲಿಸಿದೆ. ತಿಂಗಳ ಕೊನೆಗೆ ಅವನು ತನ್ನ ಸಂಬಳದ ಚೀಟಿ ತೋರಿಸಿದಾಗ, ಅದರಲ್ಲಿದ್ದ ಮೊತ್ತವೂ ನನ್ನದೂ ಒಂದೇ ಆಗಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನೇನು ತಪ್ಪು ಮಾಡಿದ್ದ? ಆದರೆ ಕಟ್ಟಿದ ಪೆಟ್ಟಿಗೆಯನ್ನು ಇನ್ನೊಮ್ಮೆ ಅಲುಗಾಡಿಸಿ ನೋಡುವ ನನ್ನ ಅಭ್ಯಾಸ ಅಂದಿನಿಂದ ತಪ್ಪಿಹೋಯಿತು.

ವೇತನ ಇದಕ್ಕಿಂತ ಕೆಳಗಿಳಿಯಬಾರದೆಂದು ಕಾನೂನು ಹಾಕಿದ ಗೆರೆಯನ್ನೇ ಎಷ್ಟೋ ಮಾಲೀಕರು ಇದಕ್ಕಿಂತ ಮೇಲೇರಬಾರದ ಗೆರೆಯನ್ನಾಗಿ ಮಾಡಿಕೊಳ್ಳುತ್ತಾರೆ. ಸರ್ಕಾರ ದರ ಏರಿಸಿದಾಗ, ಹಳಬರಿಗೆ ಅನುಭವಕ್ಕೆಂದು ಸಿಕ್ಕಿದ್ದ ಚೂರುಪಾರು ಹೆಚ್ಚಳವೂ ಅದರಲ್ಲೇ ಮುಳುಗಿಹೋಗುತ್ತದೆ.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಕೆಳದರ್ಜೆಯವರಲ್ಲಿ ಹೃದ್ರೋಗದಿಂದ ಸಾಯುವವರು ಹೆಚ್ಚೆಂದು ತೋರಿಸಿತು. 1985ರಲ್ಲಿ ಶುರುವಾದ ಎರಡನೆಯ ಅಧ್ಯಯನವು, ಮಾಡುವ ಕೆಲಸದ ಮೇಲೆ ತಮಗೆ ಹಿಡಿತವಿಲ್ಲದಿರುವುದಕ್ಕೂ ಹೃದಯದ ಕಾಯಿಲೆಗೂ ನಂಟಿದೆಯೆಂದು ಕಂಡುಕೊಂಡಿತು. ಅವರದಾದರೂ ಭದ್ರವಾದ ನೌಕರಿ. ನಾಳೆ ಯಾವ ಪಾಳಿ ಎಂದೇ ತಿಳಿಯದವರ ಪಾಡು ಇನ್ನೆಂಥದಿರಬೇಕು!

ಮೇಲ್ವಿಚಾರಕರ ಹುದ್ದೆಗೆಂದು ನಾನು ತುಂಬಿದ್ದ ಅರ್ಜಿ ನಾಲ್ಕು ತಿಂಗಳು ಚೀಲದಲ್ಲೇ ಉಳಿದು, ಮಡಿಕೆಯಲ್ಲಿ ಹರಿದುಹೋಯಿತು. ಕಚೇರಿ ಇದ್ದದ್ದು ಮೂವತ್ತು ಹೆಜ್ಜೆ ದೂರದಲ್ಲಿ. ಅದನ್ನು ಸೋಮಾರಿತನವೆಂದು ನಾನು ಒಪ್ಪುವುದಿಲ್ಲ. ನಿನ್ನ ಬೆಲೆ ಇಷ್ಟೇ ಎಂದು ತಿಂಗಳು ತಿಂಗಳೂ ಕಾಗದದ ಮೇಲೆ ಬರೆದುಕೊಡುತ್ತಿದ್ದರೆ, ಕೊನೆಗೆ ನಾವೂ ಅದನ್ನೇ ನಂಬಿಬಿಡುತ್ತೇವೆ. ತಮ್ಮನೂ ಅಲ್ಲಿಗೇ ಬಂದು ನಿಂತಿದ್ದಾನೆಂದು ನನಗನಿಸುತ್ತದೆ.

ಅವನು ಈ ಗ್ರೂಪಿನಲ್ಲೇ ಇದ್ದಾನೆ, ಉತ್ತರಿಸದಿದ್ದರೂ ಎಲ್ಲವನ್ನೂ ಓದುತ್ತಾನೆ. ದಯವಿಟ್ಟು ನಿನ್ನೆಯ ಆ ಸಾಲನ್ನು ಅಳಿಸಿಬಿಡಿ, ದೊಡ್ಡಪ್ಪ. ಅವನ ಪಾಳಿ ಮುಗಿದ ಮೇಲೆ ನೀವೇ ಒಮ್ಮೆ ಫೋನ್ ಮಾಡಿ, ಕೆಲಸದ ವಿಷಯ ಎತ್ತದೆ ಮಾತನಾಡಿ.