ಅಪ್ಪ-ಅಮ್ಮನಿಗೆ ಜಪಾನಿನಲ್ಲಿ ಒಂದು ದೊಡ್ಡ ಊಟ, ಮೀನಿನ ಸಾರು ಸೋಕದ್ದು ಎಲ್ಲಿ ಸಿಗುತ್ತೆ?

ಕಾರ್ಕಳದವ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಅಪ್ಪ-ಅಮ್ಮನನ್ನು ಕರೆದುಕೊಂಡು ಹತ್ತು ದಿನಕ್ಕೆ ಜಪಾನಿಗೆ ಹೊರಟಿದ್ದೇನೆ. ಅವರ ಮದುವೆಯಾಗಿ 40 ವರ್ಷ. ಇಲ್ಲಿಯವರೆಗೆ ಯಾವ ಊರಿಗೆ ಹೋದರೂ ಅಮ್ಮ ಅವಲಕ್ಕಿ, ಚಟ್ನಿಪುಡಿ, ತುಪ್ಪದ ಡಬ್ಬಿ ಕಟ್ಟಿಕೊಂಡೇ ಹೋದವರು. ಹೋಟೆಲ್ ರೂಮಿನಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಣ್ಣುವವರು. ಈ ಸಲ ಒಂದು ರಾತ್ರಿಯಾದರೂ ಅಮ್ಮ ಕೂತಲ್ಲಿಗೆ ಬೇರೆಯವರು ತಂದು ಬಡಿಸಬೇಕು. ಅದಕ್ಕೆ ತಲೆಗೆ 30,000 ಯೆನ್ ಆದರೂ ಸರಿ.

ಕ್ಯೋಟೋದ ಕೈಸೆಕಿ ಊಟದ ಬಗ್ಗೆ ಓದಿ ಆಸೆಯಾಯ್ತು. ಒಂದರ ಹಿಂದೆ ಒಂದು ಬಗೆ, ಪ್ರತಿಯೊಂದಕ್ಕೂ ಬೇರೆ ಬೇರೆ ಪಾತ್ರೆ. ಆದರೆ ಇಬ್ಬರೂ ಮೊಟ್ಟೆ ಸಹ ಮುಟ್ಟದವರು, ಅಮ್ಮ ಈರುಳ್ಳಿ-ಬೆಳ್ಳುಳ್ಳಿಯನ್ನೂ ತಿನ್ನೋದಿಲ್ಲ. ನಾಲ್ಕು ಕಡೆ ಬರೆದು ಕೇಳಿದೆ. ಎರಡು ಕಡೆಯವರು ಆಗೋದಿಲ್ಲ ಅಂದರು. ಒಂದು ಕಡೆಯಿಂದ ‘ಮೀನಿನ ತುಂಡು ಹಾಕುವುದಿಲ್ಲ’ ಅಂತ ಉತ್ತರ ಬಂತು, ಅದರ ಅರ್ಥವೇನೋ ತಿಳಿಯಲಿಲ್ಲ. ಮತ್ತೊಂದು ಕಡೆಯವರು ಉತ್ತರವನ್ನೇ ಕೊಟ್ಟಿಲ್ಲ. ಹಿರಿಯರನ್ನು ಹೀಗೆ ಕರೆದೊಯ್ದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ತುಂಗಾತೀರ, ಒಸಾಕಾ:

ನಾನು ಒಸಾಕಾಕ್ಕೆ ಬಂದು ಹನ್ನೊಂದು ವರ್ಷ. ಎರಡು ವರ್ಷದ ಹಿಂದೆ ತೀರ್ಥಹಳ್ಳಿಯಿಂದ ಅಮ್ಮ ಬಂದಾಗ ಇದೇ ಚಿಂತೆ ನನಗೂ ಇತ್ತು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು ಕೈಸೆಕಿ ಆಸೆ ಬಿಡಿ. ದಾಶಿ ಅನ್ನೋದು ನಮ್ಮ ಒಗ್ಗರಣೆಯ ಹಾಗೆ ಮೇಲಿಂದ ಹಾಕುವ ವಸ್ತು ಅಲ್ಲ, ಆ ಅಡುಗೆಮನೆಯ ನೀರೇ ಅದು. ಕೊಂಬು ಅನ್ನೋ ಕಡಲಸೊಪ್ಪು, ಹೊಗೆಯಲ್ಲಿ ಒಣಗಿಸಿ ಹೆರೆದ ಮೀನು, ಇವೆರಡರ ರಸದಲ್ಲೇ ಮೂಲಂಗಿ ಬೇಯುತ್ತೆ, ಸಾರು ಆಗುತ್ತೆ, ಸೊಪ್ಪು ನೆನೆಯುತ್ತೆ. ನಿಮಗೆ ಬಂದ ಉತ್ತರದ ಅರ್ಥ ಅದೇ. ಮೀನು ಬೇಡ ಅಂದರೆ ತಟ್ಟೆಯಿಂದ ಹೋಗುತ್ತೆ, ನೀರಿನಿಂದ ಹೋಗೋದಿಲ್ಲ. ಇರೋ ಊಟದಿಂದ ಒಂದೊಂದೇ ತೆಗೆಸಿ ಉಳಿದದ್ದನ್ನು ಅಪ್ಪ-ಅಮ್ಮನ ಮುಂದೆ ಇಡಬೇಡಿ. ಮೀನು ಒಳಗೇ ಬರದ ಅಡುಗೆಮನೆಗೆ ಕರೆದುಕೊಂಡು ಹೋಗಿ.

ಅಂಥ ಅಡುಗೆಗೆ ಇಲ್ಲಿ ಶೋಜಿನ್ ರ್ಯೋರಿ ಅಂತಾರೆ, ಬೌದ್ಧ ಮಠಗಳ ಅಡುಗೆ. ಮೀನು, ಮಾಂಸ, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಪದಾರ್ಥಗಳೂ ನಿಷಿದ್ಧ. ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದ ದಾಶಿ ತೆಗೀತಾರೆ. ನಮ್ಮಮ್ಮ ಅಣಬೆ ತಿನ್ನೋದಿಲ್ಲ, ಮೊದಲೇ ಬರೆದು ತಿಳಿಸಿದ್ದಕ್ಕೆ ಬರೀ ಕೊಂಬುವಿನಲ್ಲೇ ಮಾಡಿಕೊಟ್ಟರು.

ನಾವು ಹೋದದ್ದು ಕೋಯಾಸಾನ್‌ಗೆ. ವಾಕಯಾಮಾ ಜಿಲ್ಲೆಯಲ್ಲಿ, ಸುಮಾರು 800 ಮೀಟರ್ ಎತ್ತರದ ಬೆಟ್ಟದ ಮೇಲಿನ ಊರು. 816ರಲ್ಲಿ ಕೂಕಾಯ್ ಅನ್ನೋ ಸನ್ಯಾಸಿಗೆ ಚಕ್ರವರ್ತಿ ಆ ಬೆಟ್ಟ ಬಿಟ್ಟುಕೊಟ್ಟಾಗಿನಿಂದ ಅಲ್ಲಿ ಮಠ ಇದೆ. ಈಗ ನೂರಕ್ಕೂ ಹೆಚ್ಚು ಮಠ-ದೇವಸ್ಥಾನಗಳಿದ್ದು, ಸುಮಾರು ಐವತ್ತರಲ್ಲಿ ಯಾತ್ರಿಕರು ರಾತ್ರಿ ಉಳಿಯಬಹುದು. ಒಸಾಕಾದ ನಂಬಾದಿಂದ ನಂಕಾಯ್ ರೈಲು, ಆಮೇಲೆ ಕಡಿದಾದ ಬೆಟ್ಟಕ್ಕೆ ಐದು ನಿಮಿಷದ ಕೇಬಲ್ ಕಾರ್, ಅಲ್ಲಿಂದ ಬಸ್. ಬಸ್ಸು ನ್ಯೋನಿಂದೋ ಅನ್ನೋ ಪುಟ್ಟ ಗುಡಿಯ ಪಕ್ಕ ಹಾದುಹೋಗುತ್ತೆ. ಬೆಟ್ಟದೊಳಗೆ ಹೆಂಗಸರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅವರು ಅಲ್ಲೇ ನಿಂತು ಕೈಮುಗಿದು ಹಿಂತಿರುಗಬೇಕಿತ್ತು. 1872ರಲ್ಲಿ ಸರ್ಕಾರ ನಿಷೇಧ ತೆಗೆದ ಮೇಲೂ ಬಹಳ ವರ್ಷ ಆ ಪದ್ಧತಿ ನಡೆದಿತ್ತು. ಅಮ್ಮನಿಗೆ ಇದನ್ನು ಹೇಳಿದೆ. ತಿರುವಿನಲ್ಲಿ ಗುಡಿ ಮರೆಯಾಗುವವರೆಗೂ ನೋಡ್ತಾ ಇದ್ದರು.

ಸಂಜೆ ಐದೂವರೆಗೇ ಊಟ. ಬಂಗಾರದ ಹಾಳೆ ಅಂಟಿಸಿ ಕೊಕ್ಕರೆಗಳನ್ನು ಬರೆದ ಜಾರುಬಾಗಿಲುಗಳ ಕೋಣೆ, ಅದರಲ್ಲಿ ನಾವಿಬ್ಬರೇ. ಇಪ್ಪತ್ತರ ಹರೆಯದ ಒಬ್ಬ ಮರಿಸನ್ಯಾಸಿ ಕೆಂಪು ಅರಗಿನ ಪುಟ್ಟ ಪೀಠಗಳನ್ನು ಒಬ್ಬೊಬ್ಬರಿಗೆ ಎರಡರಂತೆ ತಂದಿಟ್ಟು, ಮಂಡಿಯೂರಿ ತಲೆಬಾಗಿಸಿ ಹೋದ. ಅಮ್ಮ ಅಭ್ಯಾಸಬಲದಿಂದ ಎದ್ದು ನನ್ನ ಬಟ್ಟಲಿಗೆ ಅನ್ನ ಹಾಕಲು ಬಂದರು. ಕೂರಿಸಿದೆ.

ಸಾರಿನ ಬಟ್ಟಲಿನ ಮುಚ್ಚಳ ಬಿಗಿಯಾಗಿ ಕೂತಿತ್ತು, ಒಳಗಿನ ಹಬೆ ಆರಿ ಎಳೆದುಕೊಂಡಿರುತ್ತೆ. ಎಳೆಯಬಾರದು. ಬಟ್ಟಲಿನ ಅಂಚನ್ನು ಎರಡು ಕಡೆಯಿಂದ ಮೆಲ್ಲಗೆ ಒತ್ತಿದರೆ ಗಾಳಿ ಹೊಕ್ಕು ತಾನೇ ಬಿಡುತ್ತೆ. ಬಿಟ್ಟ ಕ್ಷಣ ಯುಜು ಹಣ್ಣಿನ ಸಿಪ್ಪೆಯ ವಾಸನೆ, ನಮ್ಮ ಕಂಚಿಕಾಯಿಯದ್ದೇ ನೆನಪು.

ಆದರೆ ಅಮ್ಮ ಮರೆಯದ್ದು ಗೋಮಾದೋಫು. ಹೆಸರಲ್ಲಿ ದೋಫು, ಅಂದರೆ ತೋಫು ಇದ್ದರೂ ಸೋಯಾ ಇಲ್ಲ. ಬಿಳಿ ಎಳ್ಳಿನ ಸಿಪ್ಪೆ ತೆಗೆದು, ಹುರಿಯದೆ ಹಸಿಯಾಗೇ ನುಣ್ಣಗೆ ಅರೆದು, ಕುಜು ಬಳ್ಳಿಯ ಗೆಡ್ಡೆಯ ಹಿಟ್ಟು ಸೇರಿಸಿ ತಳ ಹಿಡಿಯದ ಹಾಗೆ ಕೈಬಿಡದೆ ತಿರುವಿ ಹೆಪ್ಪುಗಟ್ಟಿಸುತ್ತಾರೆ. ಕೂವೆ ಹಿಟ್ಟಿನ ಹಾಲುಬಾಯಿ ಮಾಡಿದವರಿಗೆ ಆ ರಟ್ಟೆನೋವು ಗೊತ್ತು. ಚಾಪ್‌ಸ್ಟಿಕ್ ತಾಗಿಸಿದರೆ ತುಂಡಾಗೋದಿಲ್ಲ, ಬಳುಕುತ್ತೆ. ಮೇಲೆ ಚೂರು ವಸಾಬಿ, ಎರಡು ಹನಿ ಸೋಯಾ ಸಾಸ್. ಅಮ್ಮ ಒಂದು ತುಣುಕು ಬಾಯಲ್ಲಿಟ್ಟು ಸುಮ್ಮನಾದರು. ಆಮೇಲೆ, ‘ಇದನ್ನ ತಿರುವಿದವರು ನಡುವೆ ಒಂದ್ಸಲಾನೂ ಒಲೆ ಬಿಟ್ಟು ಎದ್ದಿಲ್ಲ ಕಣೆ’ ಅಂದರು. ಅಡುಗೆಯವರನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಕೇವಿಯರ್, ಚಿನ್ನದ ರೇಕು ಯಾವುದೂ ಇಲ್ಲದೆ ಇದು ಐಷಾರಾಮದ ಊಟ ಅಂತ ನಾನು ಹೇಳೋದು ಈ ಕಾರಣಕ್ಕೆ.

ಮತ್ತೆ ಕೋಯಾದೋಫು ಇತ್ತು. ಇದು ನಿಜವಾದ ತೋಫು, ಹಿಮದಲ್ಲಿ ಗಡ್ಡೆಕಟ್ಟಿಸಿ ಒಣಗಿಸಿ ಮತ್ತೆ ಕೊಂಬು ರಸದಲ್ಲಿ ಬೇಯಿಸಿದ್ದು, ಸ್ಪಂಜಿನ ಹಾಗೆ ರಸ ಹೀರಿರುತ್ತೆ. ತಾವರೆ ಬೇರು, ಕುಂಬಳ, ಎಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ. ಕೊನೆಗೆ ಅನ್ನ, ಉಪ್ಪಿನಕಾಯಿ. ಬೆಳಗಿನ ಊಟಕ್ಕೆ ಉಮೆಬೊಶಿ, ಅಂದರೆ ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣು ಕೊಟ್ಟರು. ಆ ಹುಳಿ-ಉಪ್ಪು ಕಂಡು ಅಮ್ಮ ಅನ್ನ ಇನ್ನೊಮ್ಮೆ ಹಾಕಿಸಿಕೊಂಡರು. ರಾತ್ರಿ, ಬೆಳಗ್ಗೆ ಎರಡೂ ಊಟ ಸೇರಿ ತಲೆಗೆ 20,000 ಯೆನ್ ಕೊಟ್ಟೆವು.

ಮರುದಿನ ಓಕುನೊಇನ್‌ಗೆ ತಪ್ಪದೆ ಹೋಗಿ. ದೇವದಾರುಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಲಕ್ಷಗಟ್ಟಲೆ ಸಮಾಧಿಗಳು. ಕೊನೆಯಲ್ಲಿ ಕೂಕಾಯ್ ಅವರ ಗುಡಿ. ಅವರು 835ರಲ್ಲಿ ಧ್ಯಾನಕ್ಕೆ ಕೂತವರು ಈಗಲೂ ಧ್ಯಾನದಲ್ಲೇ ಇದ್ದಾರೆ ಅನ್ನೋದು ಅಲ್ಲಿನ ನಂಬಿಕೆ. ಅದಕ್ಕೇ ದಿನಕ್ಕೆರಡು ಸಲ, ಬೆಳಗ್ಗೆ 6ಕ್ಕೆ ಮತ್ತು 10:30ಕ್ಕೆ ಅವರಿಗೆ ಊಟ ಹೋಗುತ್ತೆ. ಇಬ್ಬರು ಸನ್ಯಾಸಿಗಳು ಮರದ ಪೆಟ್ಟಿಗೆ ಹೊತ್ತು ಬರ್ತಾರೆ. ದಾರಿಯಲ್ಲಿ ‘ರುಚಿ ನೋಡುವ ಜಿಜೋ’ ಅನ್ನೋ ಬೋಧಿಸತ್ವನ ಪುಟ್ಟ ಗುಡಿಯ ಮುಂದೆ ನಿಂತು, ಅಲ್ಲಿ ಒಪ್ಪಿಸಿಯೇ ಸೇತುವೆ ದಾಟೋದು. ನಾವು ಸೇತುವೆಯ ಈಚೆ ನಿಂತಿದ್ದೆವು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ‘ಹಸ್ತೋದಕ’ ಅಂದು ಕೈಮುಗಿದರು. ರಾಯರ ಬೃಂದಾವನಕ್ಕೆ ಅರ್ಪಿಸುವ ನೈವೇದ್ಯದ ಹೆಸರು ಅದು, ಮಂತ್ರಾಲಯಕ್ಕೆ ಹೋಗಿಬಂದವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಮಂಡಲಪ್ರಿಯ:

ಕೈಸೆಕಿ ಬಗ್ಗೆ ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಾವು ಕ್ಯೋಟೋದ ಒಂದು ಹಳೆಯ ವಸತಿಗೃಹದಲ್ಲಿ ಮೂರು ಸಲ ಬರೆದು ತಿಳಿಸಿ, ತಲೆಗೆ 35,000 ಯೆನ್ ಕೊಟ್ಟು ಕೂತಿದ್ದೆವು. ಮೊದಲ ಬಟ್ಟಲಲ್ಲೇ ಮೀನಿನ ವಾಸನೆ. ಕೇಳಿದರೆ, ಸಾರಿನಲ್ಲಿ ಮೀನಿಲ್ಲ, ದಾಶಿ ಮಾತ್ರ ಅಂದರು. ನನ್ನ ಮಾವ ಒಂದು ಮಾತೂ ಆಡದೆ ಕೈತೊಳೆದು ಎದ್ದರು. ಆ ರಾತ್ರಿಯ ಬೇಸರ ನನಗೆ ಇನ್ನೂ ಹೋಗಿಲ್ಲ.

ಬೆಟ್ಟ ಹತ್ತಲು ಆಗದಿದ್ದರೆ ಕ್ಯೋಟೋದಲ್ಲೇ ಅರಶಿಯಾಮಾದ ತೆನ್‌ರ್ಯೂಜಿ ಮಠದ ಒಳಗೆ ಶಿಗೆತ್ಸು ಅನ್ನೋ ಊಟದ ಮನೆ ಇದೆ, ಮಧ್ಯಾಹ್ನದ ಶೋಜಿನ್ ಊಟ. ದಾಯ್ತೊಕುಜಿ ಮಠದಲ್ಲಿ ಇಜುಸೆನ್ ಅನ್ನೋ ಊಟದ ಮನೆ ಇದೆ, ಅಲ್ಲಿ ಬಟ್ಟಲುಗಳು ಒಂದರೊಳಗೊಂದು ಕೂರುವ ಹಾಗಿರುತ್ತವೆ. ಕ್ಯೋಟೋ ಪಕ್ಕದ ಉಜಿ ಊರಿನ ಮನ್‌ಪುಕುಜಿ ಇನ್ನೊಂದೇ ಬಗೆ. 1654ರಲ್ಲಿ ಚೀನಾದಿಂದ ಬಂದ ಇಂಗೆನ್ ಗುರುಗಳ ಮಠ, ಅಲ್ಲಿಯ ಫುಚಾ ಊಟವನ್ನು ಒಂದೇ ಮೇಜಿನ ಸುತ್ತ ಹಂಚಿಕೊಂಡು ತಿನ್ನೋದು. ಜಪಾನಿನಲ್ಲಿ ಬೀನ್ಸಿಗೆ ಇಂದಿಗೂ ಆ ಗುರುಗಳದೇ ಹೆಸರು, ಇಂಗೆನ್‌ಮಾಮೆ.

ಶೇಷಾದ್ರಿಪುರಂ ಅಜ್ಜಿ:

ಮಗೂ, ಅಕ್ಟೋಬರ್ ಕೊನೆ ಅಂದಿದ್ದೀಯ. ನಿಮ್ಮಮ್ಮ ಚಾತುರ್ಮಾಸ್ಯ ವ್ರತ ಹಿಡಿಯುವವರಾ? ಹಿಡಿಯುವವರಾದರೆ ಅದು ದ್ವಿದಳ ವ್ರತದ ತಿಂಗಳು. ಬೇಳೆ-ಕಾಳು ಯಾವುದೂ ಇಲ್ಲ. ಸೋಯಾನೂ ಕಾಳೇ ಅಲ್ಲವೇ? ತೋಫು, ಮಿಸೊ, ಆ ಕಪ್ಪು ಸಾಸು ಎಲ್ಲ ಹೋಯಿತು. ಇನ್ನು ಆ ಮಠದಲ್ಲಿ ಅವರು ಏನು ತಿನ್ನಬೇಕು?

ಕಾರ್ಕಳದವ:

ಅಜ್ಜಿ, ನಿಮಗೆ ಸಾಷ್ಟಾಂಗ ನಮಸ್ಕಾರ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಹೌದು, ಹಿಡಿಯುತ್ತಾರೆ. ‘ನಿನಗೆ ರಜೆ ಸಿಕ್ಕಿದೆಯಲ್ಲ, ನಾನು ಅನ್ನ-ಮೊಸರು ಉಂಡರಾಯ್ತು’ ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯ್ತು. ಟಿಕೆಟ್ ಮುಂದಕ್ಕೆ ಹಾಕುತ್ತೇನೆ, ಉತ್ಥಾನ ದ್ವಾದಶಿ ಕಳೆದ ಮೇಲೆ ಹೊರಡುವ ಹಾಗೆ. ಆಗ ಕೋಯಾಸಾನ್ ಸರಿಯಾ? ಅಪ್ಪನಿಗೆ ಮಂಡಿನೋವು ಬೇರೆ.

ತುಂಗಾತೀರ, ಒಸಾಕಾ:

ಅಜ್ಜಿ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ, ನಾವು ಹೋದದ್ದು ಮೇ ತಿಂಗಳಲ್ಲಿ. ಧಾರಾಳವಾಗಿ ಮುಂದಕ್ಕೆ ಹಾಕಿ. ಕೆಂಪೆಲೆಗಳು ಅಷ್ಟು ಹೊತ್ತಿಗೆ ಉದುರುತ್ತಿರುತ್ತವೆ, ಚಳಿ ಜೋರು. ಉಣ್ಣೆ ಕಾಲುಚೀಲ ಎರಡೆರಡು ಜೊತೆ ಇರಲಿ, ಮಠದ ಹಜಾರಗಳಲ್ಲಿ ಬರಿಗಾಲು ಕೊರೆಯುತ್ತೆ.

ಬುಕ್ ಮಾಡುವಾಗ ನಾಲ್ಕು ವಿಷಯ ಬರೆಯಿರಿ. ಕೊಂಬುವಿನ ದಾಶಿ ಮಾತ್ರ ಅಂತ. ಅಣಬೆ ಬೇಡವಾದರೆ ಅದನ್ನು. ಅಡುಗೆಗೆ ಮಿರಿನ್, ಸಾಕೆ ಹಾಕುವುದು ಇಲ್ಲಿ ಸಾಮಾನ್ಯ, ಎರಡರಲ್ಲೂ ಮದ್ಯ ಇರುತ್ತೆ, ಹಾಕದೆ ಮಾಡಲು ಆಗುತ್ತಾ ಅಂತ ಸ್ಪಷ್ಟವಾಗಿ ಕೇಳಿ. ಅಪ್ಪನಿಗೆ ಕುರ್ಚಿ ಬೇಕು ಅಂತಲೂ ಬರೆಯಿರಿ, ಎಷ್ಟೋ ಮಠಗಳಲ್ಲಿ ಗಿಡ್ಡ ಕುರ್ಚಿ-ಮೇಜು ಕೊಡ್ತಾರೆ.

ಬೆಳಗಿನ ಪೂಜೆಗೆ ಇಬ್ಬರನ್ನೂ ಎಬ್ಬಿಸಿ. ಕೆಲವು ಮಠಗಳಲ್ಲಿ ಅಗ್ನಿಗೆ ಕಟ್ಟಿಗೆ ಅರ್ಪಿಸುವ ಗೋಮಾ ಇರುತ್ತೆ. ಎಳ್ಳಿಗೂ ಇಲ್ಲಿ ಗೋಮಾ ಅಂತಲೇ ಅನ್ನೋದು, ಆದರೆ ಈ ಗೋಮಾ ನಮ್ಮ ಹೋಮದಿಂದಲೇ ಬಂದ ಮಾತು. ಅಮ್ಮನಿಗೆ ಮೊದಲೇ ಹೇಳಬೇಡಿ, ಬೆಂಕಿ ಎದ್ದಾಗ ಅವರೇ ಗುರುತಿಸಲಿ.

ಊಟದ ಹೊತ್ತಿಗೆ ಬಡಿಸಲು ಎದ್ದೇ ಏಳುತ್ತಾರೆ. ಅನ್ನದ ಮರಿಗೆಯನ್ನು ನಿಮ್ಮ ಪಕ್ಕಕ್ಕೆ ಎಳೆದಿಟ್ಟುಕೊಂಡಿರಿ.